ಒಂದೇ ಪವರ್ ಸಪ್ಲೈ, ಹಲವು ಸರ್ಕ್ಯೂಟ್ ಬೋರ್ಡುಗಳು: ಅಧಿಕ ವೋಲ್ಟೇಜಿನಿಂದ ರಕ್ಷಣೆಯ ಕ್ರಮಗಳು

ಪೀಠಿಕೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ನಿಲ್ಲುವ ಸಾಣಾಪುರ ಕೆರೆಯಿಂದ ಹಿಡಿದು ಗಂಗಾವತಿ, ಕಾರಟಗಿಗಳವರೆಗಿನ ಪ್ರದೇಶವು ಭತ್ತದ ಕಣಜವೆಂದು ನಾಡಿನಾದ್ಯಂತ ಹೆಸರಾಗಿದೆ. ಈ ಭಾಗದಲ್ಲಿ ಬೆಳೆದ ಸೋನಾ ಮಸೂರಿ ಇಲ್ಲಿಯ ಅಕ್ಕಿ ಗಿರಣಿಗಳಲ್ಲಿ ಹದಗೊಂಡು ದೂರದ ಮಾರುಕಟ್ಟೆಗಳನ್ನು ಸೇರುತ್ತದೆ. ಒಂದು ಕಾಲಕ್ಕೆ ಮೋಟಾರು, ಬೆಲ್ಟು ಮತ್ತು ಜರಡಿಗಳಷ್ಟರಿಂದಲೇ ನಡೆಯುತ್ತಿದ್ದ ಗಿರಣಿಯು ಇಂದು ಎಲೆಕ್ಟ್ರಾನಿಕ್ ಉಪಕರಣಗಳನ್ನು ಅವಲಂಬಿಸಿದೆ. ಗಿರಣಿಗಳಲ್ಲಿ 'ಸಾರ್ಟೆಕ್ಸ್' ಎಂದೇ ರೂಢಿಯಾಗಿರುವ ಬಣ್ಣ ವಿಂಗಡಣೆ ಯಂತ್ರ, ತೂಕ ಮಾಡಿ ಚೀಲ ತುಂಬುವ ಯಂತ್ರ, ಎಲಿವೇಟರುಗಳ ನಿಯಂತ್ರಣ ಪ್ಯಾನೆಲ್, ವೇಬ್ರಿಡ್ಜ್ ಇವೆಲ್ಲವುಗಳ ಒಳಗೆ ಸರ್ಕ್ಯೂಟ್ ಬೋರ್ಡುಗಳಿವೆ.

ಇಂತಹ ಯಂತ್ರಗಳಲ್ಲಿ ಸಾಮಾನ್ಯವಾಗಿ ಹಲವು ಬೋರ್ಡುಗಳಿಗೆ ಒಂದೇ ಪವರ್ ಸಪ್ಲೈ ಇರುತ್ತದೆ. ಇದರಿಂದ ವೆಚ್ಚವೂ ಸ್ಥಳವೂ ಉಳಿಯುವುದು ನಿಜ. ಆದರೆ ಆ ಒಂದು ಸಪ್ಲೈ ಕೆಟ್ಟು ಹೆಚ್ಚಿನ ವೋಲ್ಟೇಜ್ ಕೊಡಲಾರಂಭಿಸಿದರೆ ಎಲ್ಲ ಬೋರ್ಡುಗಳೂ ಒಟ್ಟಿಗೇ ಹಾಳಾಗುವ ಸಂಭವವಿದೆ. ಕಾಲುವೆಯ ಒಂದು ತೂಬು ಕೆಟ್ಟರೆ ಅದರ ಕೆಳಗಿನ ಗದ್ದೆಗಳೆಲ್ಲ ಮುಳುಗುವಂತೆಯೇ ಇದು. ಸುಗ್ಗಿಯ ಕಾಲದಲ್ಲಿ ಹೀಗಾದರೆ ಬೋರ್ಡುಗಳ ಬೆಲೆಯಷ್ಟೇ ನಷ್ಟವಲ್ಲ. ಭತ್ತದ ಲಾರಿಗಳು ಅಂಗಳದಲ್ಲಿ ನಿಲ್ಲುತ್ತವೆ, ಹಮಾಲರಿಗೆ ಕೆಲಸ ತಪ್ಪುತ್ತದೆ, ಒಪ್ಪಿಕೊಂಡ ದಿನಕ್ಕೆ ಮಾಲು ಕಳುಹಿಸಲಾಗುವುದಿಲ್ಲ. ಕೆಲವು ನೂರು ರೂಪಾಯಿಗಳ ಬಿಡಿಭಾಗಗಳಿಂದ ಈ ಅಪಾಯವನ್ನು ಬಹುಮಟ್ಟಿಗೆ ತಡೆಯಬಹುದಾದ್ದರಿಂದ ಉದ್ಯಮಿಗಳೂ ಪ್ಯಾನೆಲ್ ತಯಾರಕರೂ ದುರಸ್ತಿಗಾರರೂ ಈ ವಿಷಯವನ್ನು ಅರಿಯುವುದು ಅವಶ್ಯ.

ಬೋರ್ಡುಗಳ ತಾಳಿಕೆಯ ಮಿತಿ

ಪ್ರತಿಯೊಂದು ಐ.ಸಿ.ಗೂ ಅದರ ತಯಾರಕರು ಎರಡು ಬಗೆಯ ವೋಲ್ಟೇಜನ್ನು ಸೂಚಿಸಿರುತ್ತಾರೆ. ಮೊದಲನೆಯದು ಕೆಲಸ ಮಾಡುವ ವೋಲ್ಟೇಜ್; ಎರಡನೆಯದು ಯಾವ ಕಾರಣಕ್ಕೂ ಮೀರಬಾರದ ಗರಿಷ್ಠ ಮಿತಿ. 5 ವೋಲ್ಟಿನ 74ಎಚ್‌ಸಿ ಸರಣಿಯ ಐ.ಸಿ.ಗಳಿಗೆ ಈ ಗರಿಷ್ಠ ಮಿತಿ 7 ವೋಲ್ಟ್. ಎಟಿಮೆಗಾ328ಪಿ ಮೈಕ್ರೊಕಂಟ್ರೋಲರಿಗೆ 6 ವೋಲ್ಟ್. 3.3 ವೋಲ್ಟಿನಲ್ಲಿ ನಡೆಯುವ ಎಸ್‌ಟಿಎಂ32 ವರ್ಗದ ಹಲವು ಮೈಕ್ರೊಕಂಟ್ರೋಲರುಗಳಿಗೆ 4 ವೋಲ್ಟ್ ಮಾತ್ರ.

5 ವೋಲ್ಟಿನ ಸಪ್ಲೈಯಲ್ಲಿ ಶೇಕಡ 5ರಷ್ಟು ಏರಿಳಿತವನ್ನು ಸಹಜವೆಂದು ಒಪ್ಪಿದರೆ ಅದು 4.75ರಿಂದ 5.25 ವೋಲ್ಟಿನೊಳಗೆ ಇರಬೇಕು. 5.25 ಸಹಜ, 6 ವೋಲ್ಟ್ ಮಾರಕ. ರಕ್ಷಣಾ ಮಂಡಲವು ಎಚ್ಚೆತ್ತು ಕೆಲಸ ಮಾಡಬೇಕಾದುದು ಈ ಮುಕ್ಕಾಲು ವೋಲ್ಟಿನ ಅಂತರದೊಳಗೆ. ಒಂದೇ ಸಪ್ಲೈಯಿಂದ ಹಲವು ಬೋರ್ಡುಗಳು ನಡೆಯುವಾಗ ಅವುಗಳಲ್ಲಿ ಅತ್ಯಂತ ಕಡಿಮೆ ತಾಳಿಕೆಯ ಐ.ಸಿ. ಯಾವುದೋ ಅದರ ಮಿತಿಯೇ ಇಡೀ ವ್ಯವಸ್ಥೆಯ ಮಿತಿಯೆಂದು ತಿಳಿಯಬೇಕು.

ಅಧಿಕ ವೋಲ್ಟೇಜ್ ಬರುವ ದಾರಿಗಳು

ಮೊದಲನೆಯದು, ವಿದ್ಯುತ್ ಮಾರ್ಗದಿಂದ ಬರುವ ತೊಂದರೆ. ಜನರು ಟಿ.ಸಿ. ಎಂದು ಕರೆಯುವ ವಿತರಣಾ ಪರಿವರ್ತಕದಿಂದ ಬರುವ ನಾಲ್ಕು ತಂತಿಗಳಲ್ಲಿ ನ್ಯೂಟ್ರಲ್ ತಂತಿ ಎಲ್ಲಿಯಾದರೂ ಕಡಿದರೆ ಅಥವಾ ಅದರ ಜೋಡಣೆ ಸಡಿಲಗೊಂಡರೆ, ಬೇರೆ ಬೇರೆ ಫೇಸುಗಳಲ್ಲಿರುವ ಸಿಂಗಲ್ ಫೇಸ್ ಉಪಕರಣಗಳು ಎರಡು ಫೇಸುಗಳ ನಡುವೆ ಸರಣಿಯಾಗಿ ಜೋಡಣೆಗೊಂಡಂತಾಗುತ್ತವೆ. ಒಂದು ಫೇಸಿನಲ್ಲಿ 2000 ವ್ಯಾಟಿನ ಹೀಟರ್, ಇನ್ನೊಂದರಲ್ಲಿ 200 ವ್ಯಾಟಿನ ಎಲೆಕ್ಟ್ರಾನಿಕ್ ಉಪಕರಣವಿದೆಯೆಂದು ಭಾವಿಸೋಣ. 230 ವೋಲ್ಟಿನ ಲೆಕ್ಕದಲ್ಲಿ ಮೊದಲನೆಯದರ ರೋಧ ಸುಮಾರು 26.5 ಓಮ್, ಎರಡನೆಯದು ಸುಮಾರು 265 ಓಮ್. ಫೇಸುಗಳ ನಡುವಿನ 400 ವೋಲ್ಟ್ ಈ ಪ್ರಮಾಣದಲ್ಲಿಯೇ ಹಂಚಿಕೆಯಾಗುವುದರಿಂದ ಹೀಟರಿಗೆ ಸುಮಾರು 36 ವೋಲ್ಟ್, ಎಲೆಕ್ಟ್ರಾನಿಕ್ ಉಪಕರಣಕ್ಕೆ ಸುಮಾರು 364 ವೋಲ್ಟ್ ಬೀಳುತ್ತದೆ. ಅದರ ಶಿಖರಮಟ್ಟ 510 ವೋಲ್ಟನ್ನೂ ದಾಟುತ್ತದೆ. ಸ್ವಿಚಿಂಗ್ ಪವರ್ ಸಪ್ಲೈಗಳ ಒಳಬದಿಯ ಕೆಪ್ಯಾಸಿಟರುಗಳು ಸಾಮಾನ್ಯವಾಗಿ 400ರಿಂದ 450 ವೋಲ್ಟಿನವು; ಅವು ಒಡೆಯುವುದು ಅನಿವಾರ್ಯ.

ಎರಡನೆಯದು, ಪವರ್ ಸಪ್ಲೈಯ ಒಳಗಿನ ದೋಷ. ಸ್ವಿಚಿಂಗ್ ಸಪ್ಲೈಯು ತನ್ನ ಹೊರಬರುವ ವೋಲ್ಟೇಜನ್ನು ತಾನೇ ಅಳೆದು, ಆ ಸುದ್ದಿಯನ್ನು ಆಪ್ಟೊಕಪ್ಲರಿನ ಮೂಲಕ ಒಳಬದಿಗೆ ಕಳುಹಿಸಿ ನಿಯಂತ್ರಿಸಿಕೊಳ್ಳುತ್ತದೆ. ಈ ಮಾರ್ಗ ತುಂಡಾದರೆ ಸಪ್ಲೈಗೆ ತಾನು ಎಷ್ಟು ಕೊಡುತ್ತಿದ್ದೇನೆಂಬ ಅರಿವೇ ತಪ್ಪಿ, ವೋಲ್ಟೇಜ್ ಏರುತ್ತಲೇ ಹೋಗಬಹುದು. ಹಳೆಯ ಲೀನಿಯರ್ ಸಪ್ಲೈಗಳಲ್ಲಿ ಸರಣಿ ಟ್ರಾನ್ಸಿಸ್ಟರ್ ಶಾರ್ಟ್ ಆದರೆ ನಿಯಂತ್ರಣಕ್ಕೆ ಮುಂಚಿನ ಪೂರ್ಣ ವೋಲ್ಟೇಜ್ ನೇರವಾಗಿ ಬೋರ್ಡುಗಳಿಗೆ ಹರಿಯುತ್ತದೆ. 24 ವೋಲ್ಟಿನಿಂದ 5 ವೋಲ್ಟಿಗೆ ಇಳಿಸುವ ಬಕ್ ಪರಿವರ್ತಕದ ಮೇಲಿನ ಮಾಸ್‌ಫೆಟ್ ಶಾರ್ಟ್ ಆದಾಗಲೂ ಫಲಿತಾಂಶ ಇದೇ.

ಮೂರನೆಯದು, ಯಂತ್ರದ ಒಳಗೇ ಹುಟ್ಟುವ ಹೊಡೆತ. ಬಣ್ಣ ವಿಂಗಡಣೆ ಯಂತ್ರದಲ್ಲಿ ಬೀಳುತ್ತಿರುವ ಕಾಳನ್ನು ಕ್ಯಾಮೆರಾ ಗುರುತಿಸುತ್ತದೆ. ಕೆಟ್ಟ ಕಾಳನ್ನು ಗಾಳಿಯ ವಾಲ್ವ್ ಹೊರಕ್ಕೆ ಊದುತ್ತದೆ. ಇಂತಹ ವಾಲ್ವಿನ ಸುರುಳಿಯಲ್ಲಿ ಹರಿಯುತ್ತಿದ್ದ ವಿದ್ಯುತ್ತನ್ನು ಥಟ್ಟನೆ ತಡೆದಾಗ ಹೆಚ್ಚಿನ ವೋಲ್ಟೇಜಿನ ಹೊಡೆತ ಹುಟ್ಟುತ್ತದೆ. ಅದನ್ನು ನುಂಗುವ ಡಯೋಡ್ ಕೆಟ್ಟಿದ್ದರೆ ಆ ಹೊಡೆತವು ಇತರ ಬೋರ್ಡುಗಳತ್ತ ಹಬ್ಬುತ್ತದೆ.

ನಾಲ್ಕನೆಯದು, ಮನುಷ್ಯರ ಕೈತಪ್ಪು. ದುರಸ್ತಿಯ ಸಮಯದಲ್ಲಿ 24 ವೋಲ್ಟಿನ ತಂತಿಯನ್ನು 5 ವೋಲ್ಟಿನ ಟರ್ಮಿನಲ್ಲಿಗೆ ಜೋಡಿಸುವುದು ಇದಕ್ಕೆ ಉದಾಹರಣೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತಪ್ಪೂ ಇದೆ. ದೂರದ ಬೋರ್ಡಿಗೆ ವೋಲ್ಟೇಜ್ ಕಡಿಮೆ ಬರುತ್ತಿದೆಯೆಂದು ಸಪ್ಲೈಯ ತಿರುಪನ್ನು ತಿರುಗಿಸಿ ವೋಲ್ಟೇಜ್ ಏರಿಸುವ ಅಭ್ಯಾಸವದು. 1 ಚದರ ಮಿ.ಮೀ. ತಾಮ್ರದ ತಂತಿಯು 2 ಮೀಟರ್ ದೂರಕ್ಕೆ 4 ಆಂಪಿಯರ್ ಒಯ್ದರೆ ಹೋಗಿಬರುವ ದಾರಿಯಲ್ಲಿ ಸುಮಾರು 0.29 ವೋಲ್ಟ್ ಕಳೆದುಹೋಗುತ್ತದೆ. ಬೋರ್ಡಿಗೆ ತಲುಪುವುದು 4.71 ಮಾತ್ರ. ಇದಕ್ಕೆ ಪರಿಹಾರ ತಿರುಪಿನಲ್ಲಿಲ್ಲ, ತಂತಿಯಲ್ಲಿದೆ. 2.5 ಚದರ ಮಿ.ಮೀ. ತಂತಿ ಹಾಕಿದರೆ ನಷ್ಟ ಸುಮಾರು 0.12 ವೋಲ್ಟಿಗೆ ಇಳಿಯುತ್ತದೆ. ತಿರುಪನ್ನೇ ಏರಿಸಿಟ್ಟರೆ ಸಪ್ಲೈಗೆ ಹತ್ತಿರದ ಬೋರ್ಡು ಸದಾ ಮಿತಿಯ ಅಂಚಿನಲ್ಲಿ ಕೆಲಸ ಮಾಡಬೇಕಾಗುತ್ತದೆ.

ಫ್ಯೂಸ್ ಒಂದೇ ಸಾಲದು

'ಫ್ಯೂಸ್ ಇದೆಯಲ್ಲ, ಇನ್ನೇನು ಭಯ' ಎಂಬ ನಂಬಿಕೆ ವ್ಯಾಪಕವಾಗಿದೆ. ಫ್ಯೂಸ್ ಗಮನಿಸುವುದು ವಿದ್ಯುತ್ ಪ್ರವಾಹವನ್ನೇ ಹೊರತು ವೋಲ್ಟೇಜನ್ನಲ್ಲ. 5 ವೋಲ್ಟಿನಲ್ಲಿ 4 ಆಂಪಿಯರ್ ಎಳೆಯುವ ಬೋರ್ಡುಗಳಿಗೆ 6.3 ಆಂಪಿಯರಿನ ಫ್ಯೂಸ್ ಹಾಕಿದೆಯೆಂದು ಭಾವಿಸೋಣ. ಸಪ್ಲೈ ಕೆಟ್ಟು ವೋಲ್ಟೇಜ್ 9ಕ್ಕೆ ಏರಿತು. ಬೋರ್ಡುಗಳು ಶುದ್ಧ ರೋಧದಂತೆ ವರ್ತಿಸಿದರೂ ಪ್ರವಾಹ 7.2 ಆಂಪಿಯರಿಗೆ ಮಾತ್ರ ಏರುತ್ತದೆ. 6.3 ಆಂಪಿಯರಿನ ಫ್ಯೂಸ್ ಇಷ್ಟಕ್ಕೆ ಕೂಡಲೇ ಕರಗುವುದಿಲ್ಲ. ಅಷ್ಟರಲ್ಲಿ 6 ವೋಲ್ಟಿನ ಮಿತಿಯ ಐ.ಸಿ.ಗಳು ಸುಟ್ಟಿರುತ್ತವೆ. ಐ.ಸಿ.ಗಳು ಸುಟ್ಟು ಶಾರ್ಟ್ ಆದ ಮೇಲೆ ಫ್ಯೂಸ್ ಕರಗುತ್ತದೆ. ಅಂದರೆ ಅದು ಬೋರ್ಡನ್ನು ಉಳಿಸಲಿಲ್ಲ, ಬೆಂಕಿಯನ್ನಷ್ಟೇ ತಡೆಯಿತು.

ಆದ್ದರಿಂದ ವೋಲ್ಟೇಜನ್ನೇ ಕಾಯುವ ಬೇರೊಂದು ವ್ಯವಸ್ಥೆ ಬೇಕು. ಅದನ್ನು ಮೂರು ಬಾಗಿಲುಗಳಲ್ಲಿ ಅಳವಡಿಸುವುದು ಸೂಕ್ತ: ವಿದ್ಯುತ್ ಒಳಬರುವಲ್ಲಿ, ಸಪ್ಲೈಯಿಂದ ಹೊರಬರುವಲ್ಲಿ ಮತ್ತು ಪ್ರತಿ ಬೋರ್ಡಿನ ಪ್ರವೇಶದಲ್ಲಿ.

ಮೊದಲನೆಯ ಬಾಗಿಲು: ವಿದ್ಯುತ್ ಒಳಬರುವಲ್ಲಿ

ನ್ಯೂಟ್ರಲ್ ಕಡಿತದಿಂದ ಬರುವ ಅಧಿಕ ವೋಲ್ಟೇಜ್ ನಿಮಿಷಗಟ್ಟಲೆ, ಗಂಟೆಗಟ್ಟಲೆ ಇರಬಹುದು. ಇದಕ್ಕೆ ವೋಲ್ಟೇಜ್ ಹೆಚ್ಚಾದಾಗಲೂ ಕಡಿಮೆಯಾದಾಗಲೂ ಕಾಂಟ್ಯಾಕ್ಟರನ್ನು ಬಿಡಿಸುವ ರಿಲೇ ತಕ್ಕ ಉಪಾಯ. ಮೋಟಾರಿಗಾಗಿ ಹಾಕಿದ ಫೇಸ್ ಫೇಲ್ಯೂರ್ ರಿಲೇ ಇದ್ದರೆ ಸಾಕೆಂದು ತಿಳಿಯಬಾರದು. ಫೇಸಿನಿಂದ ಫೇಸಿಗೆ ಮಾತ್ರ ಅಳೆಯುವ ರಿಲೇಗೆ ನ್ಯೂಟ್ರಲ್ ಕಡಿದದ್ದು ತಿಳಿಯುವುದೇ ಇಲ್ಲ. ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಳೆಯುವ ಬಗೆಯದನ್ನೇ ಆರಿಸಬೇಕು.

ಸಿಡಿಲಿನಿಂದ ಬರುವ ಹೊಡೆತ ಕ್ಷಣಿಕವಾದರೂ ಪ್ರಬಲ. ಅದಕ್ಕೆ ಸರ್ಜ್ ರಕ್ಷಕ ಸಾಧನ ಬೇಕು. ಅದರೊಳಗಿನ ವ್ಯಾರಿಸ್ಟರ್ ಕ್ಷಣಿಕ ಹೊಡೆತವನ್ನು ನುಂಗಬಲ್ಲದು, ಆದರೆ 275 ವೋಲ್ಟಿನ ವ್ಯಾರಿಸ್ಟರಿಗೆ 364 ವೋಲ್ಟ್ ಸತತವಾಗಿ ಸಿಕ್ಕರೆ ಅದೇ ಕಾದು ಸುಡುತ್ತದೆ. ಆದ್ದರಿಂದ ರಿಲೇ ಮತ್ತು ಸರ್ಜ್ ರಕ್ಷಕ ಎರಡೂ ಬೇಕು. ಒಂದು ಇನ್ನೊಂದರ ಕೆಲಸವನ್ನು ಮಾಡದು. ಸರ್ಜ್ ರಕ್ಷಕದ ಸಾಮರ್ಥ್ಯ ಅರ್ಥಿಂಗನ್ನು ಅವಲಂಬಿಸಿದೆ. ಸಾಣಾಪುರ, ಆನೆಗೊಂದಿ ಪರಿಸರದಂತಹ ಕಲ್ಲುಬಂಡೆಯ ನೆಲದಲ್ಲಿ ಭೂಮಿಯ ರೋಧ ಹೆಚ್ಚಾಗಿರುವುದರಿಂದ ಒಂದೇ ಗುಂಡಿಯ ಅರ್ಥಿಂಗ್ ಸಾಲದೆ ಹೋಗಬಹುದು. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐ.ಎಸ್. 3043ರಂತೆ ಅಳತೆ ಮಾಡಿಸಿ, ಬೇಕಾದರೆ ಹೆಚ್ಚಿನ ಗುಂಡಿಗಳನ್ನು ಜೋಡಿಸಬೇಕು.

ಎರಡನೆಯ ಬಾಗಿಲು: ಸಪ್ಲೈಯಿಂದ ಹೊರಬರುವಲ್ಲಿ 'ಕ್ರೋಬಾರ್'

ಕ್ರೋಬಾರ್ ಎಂದರೆ ಹಾರೆ. ವೋಲ್ಟೇಜ್ ಮಿತಿ ಮೀರಿದೊಡನೆ ಸಪ್ಲೈಯ ಎರಡು ತುದಿಗಳ ಮೇಲೆ ಕಬ್ಬಿಣದ ಹಾರೆಯೊಂದನ್ನು ಅಡ್ಡ ಹಾಕಿದಂತೆ ಶಾರ್ಟ್ ಮಾಡಿಬಿಡುವುದರಿಂದ ಈ ಮಂಡಲಕ್ಕೆ ಆ ಹೆಸರು ಬಂದಿದೆ. ಹಾರೆಯ ಕೆಲಸವನ್ನು ಇಲ್ಲಿ ಎಸ್‌ಸಿಆರ್ ಮಾಡುತ್ತದೆ. ಅದರ ಗೇಟಿಗೆ ಒಮ್ಮೆ ಸಂಕೇತ ಸಿಕ್ಕರೆ, ಪ್ರವಾಹ ನಿಲ್ಲುವವರೆಗೂ ಅದು ತೆರೆದೇ ಇರುತ್ತದೆ. ಬೋರ್ಡುಗಳ ಮೇಲಿನ ವೋಲ್ಟೇಜ್ ತಕ್ಷಣವೇ ಒಂದೂವರೆ ವೋಲ್ಟಿನ ಆಸುಪಾಸಿಗೆ ಕುಸಿಯುತ್ತದೆ. ಭಾರಿ ಪ್ರವಾಹ ಹರಿದು ಫ್ಯೂಸ್ ಕರಗುತ್ತದೆ. ಒಂಟಿಯಾಗಿದ್ದಾಗ ತಡವಾಗಿ ಎಚ್ಚರಗೊಳ್ಳುತ್ತಿದ್ದ ಫ್ಯೂಸ್, ಕ್ರೋಬಾರಿನ ಜೊತೆಗೂಡಿದಾಗ ಉಪಯುಕ್ತವಾಗುತ್ತದೆ. ಜೋಡಣೆಯ ಕ್ರಮ ಹೀಗಿರಬೇಕು: ಸಪ್ಲೈ, ಅನಂತರ ಫ್ಯೂಸ್, ಅನಂತರ ಕ್ರೋಬಾರ್, ಕೊನೆಗೆ ಬೋರ್ಡುಗಳು.

ಗೇಟಿಗೆ ಸಂಕೇತ ಕೊಡಲು ಜೀನರ್ ಡಯೋಡನ್ನು ಬಳಸುವುದು ಸರಳ. ಆದರೆ 5-6 ವೋಲ್ಟಿನ ಜೀನರುಗಳು ಖಚಿತವಾದ ಒಂದು ಹಂತದಲ್ಲಿ ಎಚ್ಚರಗೊಳ್ಳುವುದಿಲ್ಲ. ಮುಕ್ಕಾಲು ವೋಲ್ಟಿನ ಕಿರಿದಾದ ಅಂತರಕ್ಕೆ ಅವು ಸಾಲವು. ಟಿಎಲ್431 ಎಂಬ ಅಗ್ಗದ ರೆಫರೆನ್ಸ್ ಐ.ಸಿ. ಹೆಚ್ಚು ನಂಬಿಕೆಗೆ ಅರ್ಹ. ಅದರ ಆಂತರಿಕ ಮಾನಕ 2.495 ವೋಲ್ಟ್. ಮೇಲಿನ ರೋಧ 13.3 ಕಿಲೋ ಓಮ್, ಕೆಳಗಿನ ರೋಧ 10 ಕಿಲೋ ಓಮ್ ಇಟ್ಟರೆ ಎಚ್ಚರದ ಮಟ್ಟ 2.495 × 2.33, ಅಂದರೆ 5.81 ವೋಲ್ಟ್ ಆಗುತ್ತದೆ. ಶೇಕಡ 1ರ ನಿಖರತೆಯ ರೋಧಗಳನ್ನೂ ಶೇಕಡ 0.5ರ ನಿಖರತೆಯ ಟಿಎಲ್431 ಅನ್ನೂ ಬಳಸಿದರೆ ಇದು 5.7ರಿಂದ 5.9ರೊಳಗೆ ಉಳಿಯುತ್ತದೆ. 5.25ಕ್ಕಿಂತ ಮೇಲೆ, 6ಕ್ಕಿಂತ ಕೆಳಗೆ ಎಂಬ ಷರತ್ತು ಈಡೇರಿತು. ಟಿಎಲ್431 ಪ್ರವಾಹವನ್ನು ಎಳೆದುಕೊಳ್ಳುವ ಸಾಧನವಾದ್ದರಿಂದ ಒಂದು ಪಿಎನ್‌ಪಿ ಟ್ರಾನ್ಸಿಸ್ಟರಿನ ಮೂಲಕ ಎಸ್‌ಸಿಆರ್ ಗೇಟನ್ನು ಎಚ್ಚರಿಸಬೇಕು. ಸಣ್ಣಪುಟ್ಟ ಸದ್ದಿಗೆ ಸುಳ್ಳು ಎಚ್ಚರವಾಗದಂತೆ ಕೆಳಗಿನ ರೋಧಕ್ಕೆ ಸಮಾನಾಂತರವಾಗಿ 1 ನ್ಯಾನೊಫ್ಯಾರಡ್ ಕೆಪ್ಯಾಸಿಟರ್ ಇಟ್ಟರೆ ಸುಮಾರು 6 ಮೈಕ್ರೊಸೆಕೆಂಡಿನ ಶೋಧನೆ ದೊರೆಯುತ್ತದೆ.

ಫ್ಯೂಸನ್ನು ಸಪ್ಲೈಯ ಸಾಮರ್ಥ್ಯಕ್ಕಲ್ಲ, ಬೋರ್ಡುಗಳ ಬಳಕೆಗೆ ಅನುಗುಣವಾಗಿ ಆರಿಸಬೇಕು. 10 ಆಂಪಿಯರಿನ ಸಪ್ಲೈ ಶಾರ್ಟ್ ಆದಾಗ ಸುಮಾರು 12 ಆಂಪಿಯರಿಗೆ ತನ್ನನ್ನು ತಾನೇ ತಡೆದುಕೊಂಡರೆ, 10 ಆಂಪಿಯರಿನ ಫ್ಯೂಸ್ ಬಹುಕಾಲ ಕರಗದೆ ಉಳಿಯಬಹುದು. 6.3 ಆಂಪಿಯರಿನ ಶೀಘ್ರ ಫ್ಯೂಸಿಗೆ ಅದು ಸುಮಾರು ಎರಡು ಪಟ್ಟಾದ್ದರಿಂದ ಬೇಗ ಕರಗುತ್ತದೆ. ಅಲ್ಲಿಯವರೆಗೆ ಎಸ್‌ಸಿಆರ್ ಸುಮಾರು 15 ವ್ಯಾಟ್ ಶಾಖವನ್ನು ತಾಳಬೇಕು. ಆದ್ದರಿಂದ ಅದಕ್ಕೆ ಹೀಟ್‌ಸಿಂಕ್ ಅವಶ್ಯ.

ಸಪ್ಲೈಯಲ್ಲಿಯೇ ಅಧಿಕ ವೋಲ್ಟೇಜ್ ರಕ್ಷಣೆ ಇದೆಯಲ್ಲ ಎಂಬ ಪ್ರಶ್ನೆ ಏಳಬಹುದು. ಮಾರುಕಟ್ಟೆಯ ಹಲವು 5 ವೋಲ್ಟಿನ ಸಪ್ಲೈಗಳಲ್ಲಿ ಅದು 5.75ರಿಂದ 6.75 ವೋಲ್ಟಿನ ನಡುವೆ ಎಲ್ಲಿಯಾದರೂ ಎಚ್ಚರಗೊಳ್ಳುತ್ತದೆ. ಕಂಪ್ಯೂಟರುಗಳ ಎಟಿಎಕ್ಸ್ ಸಪ್ಲೈಗಳ ವಿನ್ಯಾಸ ಮಾರ್ಗದರ್ಶಿಯು 5 ವೋಲ್ಟಿನ ಸಾಲಿಗೆ 7 ವೋಲ್ಟಿನವರೆಗೂ, 3.3 ವೋಲ್ಟಿನ ಸಾಲಿಗೆ 4.3 ವೋಲ್ಟಿನವರೆಗೂ ಅವಕಾಶ ಕೊಟ್ಟಿದೆ. 6 ವೋಲ್ಟ್ ಮತ್ತು 4 ವೋಲ್ಟ್ ಮಿತಿಯ ಐ.ಸಿ.ಗಳಿಗೆ ಇದು ತಡವಾದ ರಕ್ಷಣೆ. ಮೇಲಾಗಿ, ಸಪ್ಲೈಯ ಒಳಗಿನ ದೋಷ ಆ ರಕ್ಷಣೆಯನ್ನೂ ಸೇರಿಸಿಯೇ ಕೆಡಿಸಬಹುದು. ಕಾವಲುಗಾರ ಹೊರಗಿನವನಾಗಿರುವುದು ಲೇಸು.

ಎರಡು ಸಪ್ಲೈಗಳನ್ನು ಡಯೋಡುಗಳ ಮೂಲಕ ಸಮಾನಾಂತರವಾಗಿ ಜೋಡಿಸಿದಲ್ಲಿಯೂ ಎಚ್ಚರ ಅಗತ್ಯ. ಒಂದು ಸಪ್ಲೈ ಸತ್ತರೆ ಇನ್ನೊಂದು ನಡೆಸುತ್ತದೆ ಎಂಬುದು ಸರಿ. ಆದರೆ ಒಂದರ ವೋಲ್ಟೇಜ್ ಏರಿದರೆ ಡಯೋಡ್ ಅದನ್ನು ತಡೆಯದೆ ಬೋರ್ಡುಗಳತ್ತ ಬಿಟ್ಟುಬಿಡುತ್ತದೆ.

ಮೂರನೆಯ ಬಾಗಿಲು: ಪ್ರತಿ ಬೋರ್ಡಿನ ಪ್ರವೇಶದಲ್ಲಿ

ಪ್ರತಿ ಬೋರ್ಡಿಗೂ ಪ್ರತ್ಯೇಕ ಸಣ್ಣ ಫ್ಯೂಸ್, ಅದರ ಮುಂದೆ ಟಿವಿಎಸ್ ಡಯೋಡ್ ಇರಬೇಕು. ಫ್ಯೂಸಿನಿಂದ ಒಂದು ಬೋರ್ಡಿನ ಶಾರ್ಟ್ ಉಳಿದವುಗಳನ್ನು ನಿಲ್ಲಿಸುವುದಿಲ್ಲ. ಟಿವಿಎಸ್ ಕ್ಷಣಿಕ ಹೊಡೆತಗಳನ್ನು ನುಂಗುತ್ತದೆ. ಆದರೆ ಟಿವಿಎಸ್ ಕುರಿತು ಅತಿಯಾದ ಭರವಸೆ ಸಲ್ಲದು. ಎಸ್‌ಎಂಬಿಜೆ5.0ಎ ಎಂಬ ಪ್ರಚಲಿತ ಮಾದರಿ 1 ಮಿಲಿಸೆಕೆಂಡಿನ ಹೊಡೆತದಲ್ಲಿ 600 ವ್ಯಾಟ್ ತಾಳುತ್ತದೆಯಾದರೂ ಪೂರ್ಣ ಪ್ರವಾಹದಲ್ಲಿ ಅದರ ಮೇಲಿನ ವೋಲ್ಟೇಜ್ 9.2ರವರೆಗೆ ಏರುತ್ತದೆ. ಅದು 7 ವೋಲ್ಟಿನ ಮಿತಿಗಿಂತಲೂ ಹೆಚ್ಚು. ಸತತವಾದ ಅಧಿಕ ವೋಲ್ಟೇಜನ್ನಂತೂ ಅದು ತಾಳಲಾರದು. ಸಾಮಾನ್ಯವಾಗಿ ತಾನು ಸುಟ್ಟು, ಶಾರ್ಟ್ ಆಗಿ, ಫ್ಯೂಸನ್ನು ಕರಗಿಸುತ್ತದೆ. ಟಿವಿಎಸ್ ಕ್ರೋಬಾರಿಗೆ ಸಹಾಯಕವೇ ಹೊರತು ಬದಲಿಯಲ್ಲ.

ಹೊಸದಾಗಿ ವಿನ್ಯಾಸಗೊಳಿಸುವ ಬೋರ್ಡುಗಳಲ್ಲಿ ಇ-ಫ್ಯೂಸ್ ಐ.ಸಿ.ಗಳನ್ನು ಬಳಸಬಹುದು. ಇವು ವೋಲ್ಟೇಜ್ ಮಿತಿ ಮೀರಿದೊಡನೆ ಸರಣಿಯಲ್ಲಿರುವ ಮಾಸ್‌ಫೆಟ್ಟನ್ನು ತೆರೆದು ಬೋರ್ಡನ್ನು ಸಾಲಿನಿಂದ ಬೇರ್ಪಡಿಸುತ್ತವೆ. ಏನನ್ನೂ ಸುಡದೆ, ದೋಷ ಸರಿಹೋದ ಮೇಲೆ ಮತ್ತೆ ಕೆಲಸಕ್ಕೆ ಬರುವುದು ಇವುಗಳ ಅನುಕೂಲ.

ಪರೀಕ್ಷೆಯ ಕ್ರಮ

ಪರೀಕ್ಷಿಸದ ರಕ್ಷಣೆಯನ್ನು ರಕ್ಷಣೆಯೆಂದು ಎಣಿಸಲಾಗದು. ಸುಗ್ಗಿಗೆ ಮುಂಚೆ, ಗಿರಣಿ ಬಿಡುವಾಗಿರುವಾಗ ಈ ಕೆಳಗಿನಂತೆ ನೋಡಿಕೊಳ್ಳಬೇಕು:

1. ಎಲ್ಲ ಬೋರ್ಡುಗಳನ್ನೂ ಸಾಲಿನಿಂದ ಬಿಡಿಸಿ, ಅವುಗಳ ಬದಲು ತಕ್ಕ ರೋಧವೊಂದನ್ನು ಜೋಡಿಸಬೇಕು. ನಿಜವಾದ ಬೋರ್ಡುಗಳನ್ನಿಟ್ಟು ಈ ಪರೀಕ್ಷೆ ಎಂದಿಗೂ ಮಾಡಕೂಡದು.

2. ಯಂತ್ರದ ಸಪ್ಲೈಯ ಬದಲು, ಪ್ರವಾಹಮಿತಿಯಿರುವ ಪ್ರಯೋಗಾಲಯದ ಸಪ್ಲೈಯಿಂದ 5 ವೋಲ್ಟ್ ಕೊಟ್ಟು ನಿಧಾನವಾಗಿ ಏರಿಸಬೇಕು.

3. ಕ್ರೋಬಾರ್ ಎಚ್ಚರಗೊಂಡ ವೋಲ್ಟೇಜನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಿಂದಿನ ವರ್ಷದ ಅಂಕಿಗಿಂತ 0.1 ವೋಲ್ಟಿಗೂ ಹೆಚ್ಚು ವ್ಯತ್ಯಾಸ ಕಂಡರೆ ಬಿಡಿಭಾಗಗಳನ್ನು ಬದಲಾಯಿಸಬೇಕು.

4. ಪ್ರತಿ ಬೋರ್ಡಿನ ಟರ್ಮಿನಲ್ಲಿನಲ್ಲಿ, ಯಂತ್ರ ನಡೆಯುತ್ತಿರುವಾಗ ವೋಲ್ಟೇಜ್ ಅಳೆಯಬೇಕು. ಕ್ಷಣಿಕ ಹೊಡೆತಗಳು ಮಲ್ಟಿಮೀಟರಿನಲ್ಲಿ ಕಾಣವು. ಅವಕ್ಕೆ ಆಸಿಲೋಸ್ಕೋಪ್ ಬೇಕು.

5. ಕ್ರೋಬಾರ್ ಫ್ಯೂಸ್ ಕರಗಿದ್ದು ಕಂಡರೆ ದೊಡ್ಡ ಫ್ಯೂಸ್ ಹಾಕಿ ಯಂತ್ರ ಚಾಲೂ ಮಾಡಬಾರದು. ಮೊದಲು ಸಪ್ಲೈಯನ್ನು ಬೇರೆಯಾಗಿ ಪರೀಕ್ಷಿಸಬೇಕು.

ಐದನೆಯ ಅಂಶಕ್ಕೆ ವಿಶೇಷ ಮಹತ್ವವಿದೆ. ಕೆಲಸದ ಒತ್ತಡದಲ್ಲಿ ಕ್ರೋಬಾರನ್ನೇ ಕಿತ್ತು ಯಂತ್ರ ನಡೆಸುವ ಆಸೆ ಸಹಜ. ಆದರೆ ಫ್ಯೂಸ್ ಕರಗಿದೆ ಎಂದರೆ ಹೆಚ್ಚಿನ ಸಂದರ್ಭಗಳಲ್ಲಿ ಸಪ್ಲೈ ಕೆಟ್ಟಿದೆ ಎಂಬ ಸೂಚನೆಯೇ ಅದು. ಆಗ ಬೇಕಾದುದು ಒಂದು ಬದಲಿ ಸಪ್ಲೈ. ಅದು ಉಗ್ರಾಣದಲ್ಲಿದ್ದರೆ ಅರ್ಧ ಗಂಟೆಯ ಕೆಲಸ. ಬೋರ್ಡುಗಳೇ ಸುಟ್ಟರೆ ಅವು ದೂರದ ಊರಿನಿಂದ, ಕೆಲವೊಮ್ಮೆ ಹೊರದೇಶದಿಂದ ಬರುವವರೆಗೆ ಕಾಯಬೇಕು.

ಖರೀದಿಯ ವೇಳೆ ಕೇಳಬೇಕಾದ ಪ್ರಶ್ನೆಗಳು

ಹೊಸ ಯಂತ್ರ ಕೊಳ್ಳುವಾಗ ಅದರ ವೇಗ, ಸಾಮರ್ಥ್ಯ ಮತ್ತು ಬೆಲೆಗಳನ್ನು ಎಲ್ಲರೂ ವಿಚಾರಿಸುತ್ತಾರೆ. ಇವುಗಳೊಂದಿಗೆ ಕೆಲವು ಪ್ರಶ್ನೆಗಳನ್ನು ಲಿಖಿತವಾಗಿ ಕೇಳುವುದು ಒಳ್ಳೆಯದು. ಬೋರ್ಡುಗಳಿಗೆಲ್ಲ ಒಂದೇ ಸಪ್ಲೈಯೇ, ಬೇರೆ ಬೇರೆಯೇ? ಅಧಿಕ ವೋಲ್ಟೇಜ್ ರಕ್ಷಣೆ ಎಷ್ಟು ವೋಲ್ಟಿಗೆ ಎಚ್ಚರಗೊಳ್ಳುತ್ತದೆ? ಬೋರ್ಡುಗಳಲ್ಲಿನ ಐ.ಸಿ.ಗಳ ಗರಿಷ್ಠ ಮಿತಿಗಿಂತ ಅದು ಕಡಿಮೆಯೇ? ಪ್ರತಿ ಬೋರ್ಡಿಗೂ ಪ್ರತ್ಯೇಕ ಫ್ಯೂಸ್ ಇದೆಯೇ? ವಿದ್ಯುತ್ ಏರಿಳಿತದಿಂದಾದ ಹಾನಿಗೆ ವಾರಂಟಿ ಅನ್ವಯಿಸುತ್ತದೆಯೇ? ಕೊನೆಯ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ ಮೂರು ಬಾಗಿಲುಗಳನ್ನೂ ಕಾಯುವ ಹೊಣೆ ಮಾಲೀಕರದ್ದೇ ಎಂದರ್ಥ.

ಉಪಸಂಹಾರ

ಒಂದೇ ಸಪ್ಲೈಯನ್ನು ಹಂಚಿಕೊಳ್ಳುವ ಪದ್ಧತಿ ತಪ್ಪಲ್ಲ. ಕಾವಲಿಲ್ಲದೆ ಹಂಚಿಕೊಳ್ಳುವುದು ತಪ್ಪು. ಫ್ಯೂಸ್ ಪ್ರವಾಹವನ್ನು ಕಾಯಲಿ, ಕ್ರೋಬಾರ್ ವೋಲ್ಟೇಜನ್ನು ಕಾಯಲಿ, ರಿಲೇ ನ್ಯೂಟ್ರಲ್ ಕಡಿತವನ್ನು ಕಾಯಲಿ. ಅತ್ಯಂತ ದುರ್ಬಲ ಐ.ಸಿ.ಯ ತಾಳಿಕೆಯನ್ನು ಆಧಾರವಾಗಿಟ್ಟುಕೊಂಡು ಮಟ್ಟವನ್ನು ನಿಗದಿಪಡಿಸಿ, ವರ್ಷಕ್ಕೊಮ್ಮೆ ಪರೀಕ್ಷಿಸಿ, ಒಂದು ಬದಲಿ ಸಪ್ಲೈಯನ್ನು ಕೈಯಳತೆಯಲ್ಲಿಟ್ಟುಕೊಂಡ ಗಿರಣಿಯಲ್ಲಿ ಒಂದು ಸಪ್ಲೈ ಕೆಟ್ಟರೂ ಹೋಗುವುದು ಒಂದು ಸಪ್ಲೈ ಮಾತ್ರ, ಸುಗ್ಗಿಯ ದಿನಗಳಲ್ಲ.